‘ಪವಿತ್ರ ರೋಗ’ ಮತ್ತು ಗ್ರೀಸಿನ ವೈದ್ಯರು



ಹೋದ ತಿಂಗಳು ಪ್ರಾರ್ಥನೆ ವೇಳೆ ನಮ್ಮ ಗೆಳೆಯನೊಬ್ಬ ಫಿಟ್ಸ್ ಬಂದು ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಆಗ ಆಫೀಸ್ ರೂಮಿಗೆ ಓಡಿ, ಬೀಗದಕೈ ಗೊಂಚಲು ತಂದು ಅವನ ಕೈಗೆ ತುರುಕಿದವನು ನಾನೇ. ಸ್ವಲ್ಪ ಹೊತ್ತಿಗೆ ಫಿಟ್ಸ್ ನಿಂತಿತು. ಎಲ್ಲರೂ ‘ಭೇಷ್’ ಅಂದರು. ನಾನೂ ಹಿಗ್ಗಿದೆ. ಆಮೇಲೆ ವಿಜ್ಞಾನದ ಮೇಷ್ಟ್ರು ಕರೆದು, “ಕಬ್ಬಿಣ ಕೊಡದಿದ್ರೆ ನಿಲ್ತಿರ್ಲಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂಥದೇ ಪ್ರಶ್ನೆಯನ್ನು ಸುಮಾರು 2400 ವರ್ಷಗಳ ಹಿಂದೆಯೇ ಗ್ರೀಸ್ ದೇಶದ ವೈದ್ಯರು ಕೇಳಿದ್ದರಂತೆ. ಮೇಷ್ಟ್ರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹಿಪ್ಪೊಕ್ರೇಟಿಸ್ ಎಂಬ ವೈದ್ಯ ಗ್ರೀಸಿನ ಕಾಸ್ ದ್ವೀಪದಲ್ಲಿ ಕ್ರಿ.ಪೂ. 460ರ ಸುಮಾರಿಗೆ ಹುಟ್ಟಿದ. ಅವನ ಹೆಸರಿನಲ್ಲಿ ಸುಮಾರು 60 ಗ್ರಂಥಗಳಿವೆ. ಎಲ್ಲವನ್ನೂ ಅವನೊಬ್ಬನೇ ಬರೆದದ್ದಲ್ಲ, ಬೇರೆ ವೈದ್ಯರು ಬರೆದವೂ ಇವೆ. ಅದರಲ್ಲಿ ಒಂದು ‘ಪವಿತ್ರ ರೋಗ’ದ ಬಗ್ಗೆ. ಪವಿತ್ರ ರೋಗ ಅಂದ್ರೆ ಮೂರ್ಛೆ ರೋಗವೇ. ಅದು ದೇವರಿಂದ ಬರುವುದೆಂದು ಆಗಿನ ಜನ ನಂಬಿದ್ದರು. ಮಂತ್ರ ಹಾಕುವವರು ರೋಗಿಗೆ ಆಡಿನ ಮಾಂಸ ತಿನ್ನಬಾರದು, ಆಡಿನ ಚರ್ಮದ ಮೇಲೆ ಮಲಗಬಾರದು, ಕಪ್ಪು ಬಟ್ಟೆ ಉಡಬಾರದು ಎಂದೆಲ್ಲ ಕಟ್ಟಳೆ ಹಾಕುತ್ತಿದ್ದರು.

ಗ್ರಂಥ ಬರೆದ ವೈದ್ಯ ಇದನ್ನು ಒಪ್ಪಲಿಲ್ಲ. ಲಿಬಿಯಾದ ಒಳನಾಡಿನ ಜನ ಹಾಸುವುದು, ಉಡುವುದು ಎಲ್ಲ ಆಡಿನ ಚರ್ಮವನ್ನೇ. ಹಾಗಾದರೆ ಅವರೆಲ್ಲರಿಗೂ ಈ ರೋಗ ಇರಬೇಕಿತ್ತಲ್ಲ ಎಂದು ವಾದಿಸಿದ. ಇದೂ ಬೇರೆ ರೋಗಗಳ ಹಾಗೆಯೇ ಒಂದು ರೋಗ, ಇದರ ಮೂಲ ಮೆದುಳಿನಲ್ಲಿದೆ ಎಂದ. ಎಂಥ ಧೈರ್ಯ ನೋಡಿ!

ಹಾಗಂತ ಗ್ರೀಕರು ಹೇಳಿದ್ದೆಲ್ಲ ಸರಿಯಲ್ಲ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಏರುಪೇರಾದರೆ ರೋಗ ಬರುತ್ತದೆಂದು ಅವರು ತಿಳಿದಿದ್ದರು. ಕ್ರಿ.ಶ. 2ನೇ ಶತಮಾನದಲ್ಲಿ ಗೇಲನ್ ಎಂಬ ವೈದ್ಯ ಇದನ್ನು ಇನ್ನೂ ಬೆಳೆಸಿದ. ಇದನ್ನು ನಂಬಿ ಯುರೋಪಿನಲ್ಲಿ 19ನೇ ಶತಮಾನದವರೆಗೂ ರೋಗಿಗಳ ರಕ್ತ ತೆಗೆಯುತ್ತಿದ್ದರು. ಗ್ರೀಕರ ವೈದ್ಯ ಅರಬ್ಬರ ಮೂಲಕ ನಮ್ಮ ದೇಶಕ್ಕೂ ಬಂತು. ಅದೇ ಯುನಾನಿ. ‘ಯುನಾನಿ’ ಅಂದ್ರೆ ಗ್ರೀಸಿನದು ಎಂದೇ ಅರ್ಥ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಆದರೆ ಮೆದುಳಿನ ವಿಷಯದಲ್ಲಿ ಆ ವೈದ್ಯ ಹೇಳಿದ್ದು ನಿಜವಾಯಿತು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲ ಬಾರಿ ದಾಖಲಿಸಿದರು. ಅದೇ ಇ.ಇ.ಜಿ. ಪರೀಕ್ಷೆ. ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಒಮ್ಮೆಲೇ ಅಡ್ಡಾದಿಡ್ಡಿಯಾದಾಗ ಫಿಟ್ಸ್ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೈಯಲ್ಲಿ ಬೀಗದಕೈ ಇದ್ದರೂ ನಿಲ್ಲುತ್ತದೆ, ಇಲ್ಲದಿದ್ದರೂ ನಿಲ್ಲುತ್ತದೆ!

ಫಿಟ್ಸ್ ಬಂದಾಗ ಹೀಗೆ ಮಾಡಿ:

1. ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ. ಹತ್ತಿರದ ಕಲ್ಲು, ಬೆಂಚು ಸರಿಸಿ.
2. ಮಗ್ಗುಲಾಗಿ ಮಲಗಿಸಿ. ಕೈಕಾಲು ಒತ್ತಿ ಹಿಡಿಯಬೇಡಿ.
3. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ.
4. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆ ರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು. ಇದು ಅಂಟುರೋಗ ಅಲ್ವೇ ಅಲ್ಲ.

ನಮ್ಮ ಗೆಳೆಯ ಈಗ ಮಾತ್ರೆ ತಗೊಳ್ತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆದೆ. “ಬರಿ, ಆದ್ರೆ ನನ್ನ ಬೆಂಚಲ್ಲಿ ಯಾರೂ ಕೂರಲ್ಲ ಅನ್ನೋದನ್ನೂ ಬರಿ” ಅಂದ. ನಾಳೆಯಿಂದ ನಾನು ಅಲ್ಲಿ ಕೂರುತ್ತೇನೆ. ಇನ್ನೂ ಒಬ್ಬರಿಗೆ ಜಾಗವಿದೆ. ಬನ್ನಿ.

– 9ನೇ ತರಗತಿಯ ವಿದ್ಯಾರ್ಥಿ