ಹೃದಯದ ಚಿತ್ರಗಳ ಸ್ವಯಂಚಾಲಿತ ಜೋಡಣೆ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಹಡಪಸರವು ಕೈಗಾರಿಕೆಗಳ ನೆಲೆ. ಇಂತಹ ಊರಿನ ಕಾರ್ಮಿಕರೊಬ್ಬರಿಗೆ ಶ್ರಮಪಟ್ಟಾಗ ಎದೆನೋವು ಕಾಣಿಸಿಕೊಂಡರೆ, ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ದೊರೆಯುತ್ತಿದೆಯೇ ಎಂಬುದನ್ನು ಅರಿಯಲು ವೈದ್ಯರು ಪರಮಾಣು ವೈದ್ಯಕೀಯ ಪರೀಕ್ಷೆಯನ್ನು ಸೂಚಿಸಬಹುದು.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಟೆಕ್ನೀಶಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನೊಳಗೊಂಡ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಈ ಧಾತುವಿನ ವಿಕಿರಣಶೀಲತೆಯು ಪ್ರತಿ 6 ಗಂಟೆಗೆ ಅರ್ಧದಷ್ಟಾಗುತ್ತದೆ. ರಕ್ತವು ಚೆನ್ನಾಗಿ ಹರಿಯುವ ಸ್ನಾಯುಭಾಗದಲ್ಲಿ ಔಷಧವು ಹೆಚ್ಚಾಗಿ ನೆಲೆಗೊಳ್ಳುತ್ತದೆ. ಎದೆಯ ಸುತ್ತ ತಿರುಗುವ ಗ್ಯಾಮಾ ಕ್ಯಾಮರಾ ಹಲವು ಕೋನಗಳಿಂದ ಗ್ರಹಿಸಿದ ನೋಟಗಳನ್ನು ಗಣಕಯಂತ್ರವು ಒಂದುಗೂಡಿಸಿ, ಉದ್ದ, ಅಗಲ, ಆಳಗಳುಳ್ಳ ಚಿತ್ರವನ್ನು ರಚಿಸುತ್ತದೆ. ಬಳಿಕ ಶ್ರಮದ ಚಿತ್ರವನ್ನು ವಿಶ್ರಾಂತಿಯ ಚಿತ್ರದೊಡನೆ ಹೋಲಿಸಲಾಗುತ್ತದೆ. ಶ್ರಮದ ಚಿತ್ರದಲ್ಲಿ ಮಾತ್ರ ಮಂಕಾಗಿರುವ ಭಾಗವು ರಕ್ತದ ಕೊರತೆಯನ್ನು ಸೂಚಿಸುತ್ತದೆ. ಎರಡರಲ್ಲಿಯೂ ಮಂಕಾಗಿದ್ದರೆ ಆ ಸ್ನಾಯುವು ಹಿಂದೆಯೇ ಹಾನಿಗೊಂಡಿರುವ ಸಂಭವವುಂಟು.

ಈ ಹೋಲಿಕೆಯು ನಂಬಲರ್ಹವಾಗಬೇಕಾದರೆ ಎರಡು ಚಿತ್ರಗಳಲ್ಲಿಯೂ ಹೃದಯವನ್ನು ಒಂದೇ ದಿಕ್ಕಿನಲ್ಲಿ ನಿಲ್ಲಿಸಬೇಕು. ಹೃದಯವು ಎದೆಯಲ್ಲಿ ಓರೆಯಾಗಿರುತ್ತದೆ. ಆ ಓರೆಯೂ ಎಲ್ಲರಲ್ಲಿ ಒಂದೇ ತೆರನಾಗಿರುವುದಿಲ್ಲ. ಹಿಂದೆ ತಂತ್ರಜ್ಞರು ಪರದೆಯ ಮೇಲೆ ಕೈಯಾರೆ ಗೆರೆಯೆಳೆದು ಹೃದಯದ ಅಕ್ಷವನ್ನು ಗುರುತಿಸುತ್ತಿದ್ದರು. ಗುರುತಿಸುವವರು ಬದಲಾದರೆ ಗೆರೆಯೂ ತುಸು ಬದಲಾಗುತ್ತಿತ್ತು. ಜೋಡಣೆ ತಪ್ಪಿದರೆ ಇಲ್ಲದ ದೋಷವು ಇರುವಂತೆ ತೋರಬಹುದು, ಇರುವ ದೋಷವು ಮರೆಯಾಗಲೂಬಹುದು.

1995ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ವೈದ್ಯಕೀಯ ಕೇಂದ್ರದ ಗಿಡೊ ಜರ್ಮಾನೊ ಮತ್ತು ಅವರ ಸಹೋದ್ಯೋಗಿಗಳು ಈ ಕಾರ್ಯವನ್ನು ಗಣಕಯಂತ್ರಕ್ಕೆ ವಹಿಸುವ ವಿಧಾನವೊಂದನ್ನು ಪ್ರಕಟಿಸಿದರು. ಗಣಕಯಂತ್ರವು ಹೃದಯದ ಎಡ ಕೆಳಕೋಣೆಯ ಗೋಡೆಯನ್ನು ತಾನೇ ಗುರುತಿಸಿ, ಅದಕ್ಕೆ ಮೊಟ್ಟೆಯಾಕಾರದ ಆಕೃತಿಯೊಂದನ್ನು ಹೊಂದಿಸುತ್ತದೆ. ಆ ಆಕೃತಿಯ ಉದ್ದನೆಯ ಅಕ್ಷವೇ ಹೃದಯದ ಅಕ್ಷ. ಅದನ್ನು ಆಧರಿಸಿ ಚಿತ್ರವನ್ನು ತಿರುಗಿಸಿ, ತೆಳುಪದರಗಳಾಗಿ ವಿಂಗಡಿಸಲಾಗುತ್ತದೆ. ಒಂದೇ ಚಿತ್ರವನ್ನು ಎಷ್ಟು ಸಲ ಕೊಟ್ಟರೂ ಒಂದೇ ಫಲಿತಾಂಶ ದೊರೆಯುವುದು ಇದರ ಮುಖ್ಯ ಪ್ರಯೋಜನ.

ಆದರೂ ಯಂತ್ರವು ಎಡವುವ ಸಂದರ್ಭಗಳಿವೆ. ಯಕೃತ್ತು ಅಥವಾ ಕರುಳಿನಲ್ಲಿ ಸಂಗ್ರಹವಾದ ಔಷಧದ ಹೊಳಪನ್ನು ಅದು ಹೃದಯವೆಂದೇ ತಿಳಿಯಬಹುದು. ತೀವ್ರವಾಗಿ ಹಾನಿಗೊಂಡ ಗೋಡೆಯ ಅಂಚನ್ನು ಕಾಣದೆ ಹೋಗಬಹುದು. ಆದುದರಿಂದ ಗಣಕಯಂತ್ರವು ಎಳೆದ ಗೆರೆಯನ್ನು ತಜ್ಞರು ಪರಿಶೀಲಿಸಿ, ಅಗತ್ಯವಿದ್ದಲ್ಲಿ ತಿದ್ದುತ್ತಾರೆ.

ಇದರಲ್ಲಿ ರೋಗಿಯ ಸಹಕಾರವೂ ಅಗತ್ಯ. ಚಿತ್ರ ತೆಗೆಯುವಾಗ ಸಹಜವಾಗಿ ಉಸಿರಾಡುತ್ತ, ಅಲುಗಾಡದೆ ಮಲಗಿರಬೇಕು. ಅಲುಗಿದ್ದು ಅರಿವಿಗೆ ಬಂದರೆ ಸಂಕೋಚವಿಲ್ಲದೆ ತಂತ್ರಜ್ಞರಿಗೆ ತಿಳಿಸಬೇಕು. ಅಗತ್ಯವೆನಿಸಿದರೆ ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದು. ತಪ್ಪು ಚಿತ್ರವನ್ನು ನಂಬಿ ಮಾಡಿದ ಚಿಕಿತ್ಸೆಯನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ.