ಜಾಲಸರ್ವರಿನ ವ್ಯವಸ್ಥೆಯೂ ಕನ್ನಡ ಪಾಠದ ಶುದ್ಧಿಯೂ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠದ ಶುದ್ಧಿಯೇ ಮುಖ್ಯವಾದ ಚಿಂತೆ. ಓಲೆಗರಿಯಿಂದ ಪ್ರತಿಮಾಡಿ, ಪಾಠಾಂತರಗಳನ್ನು ಗುರುತಿಸಿ, ಕರಡು ತಿದ್ದಿ ಅಚ್ಚಿಗೆ ಒಪ್ಪಿಸಿದ ಮೇಲೆ ಸಂಪಾದಕನ ಹೊಣೆ ಬಹುಮಟ್ಟಿಗೆ ತೀರುತ್ತದೆ. ಅಚ್ಚಾದ ಅಕ್ಷರ ಓದುಗನ ಕೈಸೇರುವ ದಾರಿಯಲ್ಲಿ ಬದಲಾಗುವುದಿಲ್ಲ. ಈಗ ಶಾಸನಪಾಠ, ಪದಕೋಶ, ಪ್ರಬಂಧ ಮೊದಲಾದವು ಜಾಲತಾಣಗಳಲ್ಲಿಯೂ ಪ್ರಕಟವಾಗುತ್ತಿವೆ. ಅಲ್ಲಿನ ಸ್ಥಿತಿ ಬೇರೆ. ಸಂಪಾದಕನ ಮೇಜಿನ ಮೇಲೆ ನಿರ್ದುಷ್ಟವಾಗಿದ್ದ ಪಾಠವು ಓದುಗನ ಮುಂದೆ ಒಂದಕ್ಷರವೂ ತಿಳಿಯದಂತೆ ಬಂದು ನಿಲ್ಲಬಹುದು. ಅದಕ್ಕೆ ಕಾರಣ ಎಷ್ಟೋ ಸಲ ಪಾಠಕ್ಕೂ ಓದುಗನಿಗೂ ನಡುವೆ ಇರುವ ಸರ್ವರಿನ ವ್ಯವಸ್ಥಾಕಡತದ ಒಂದೇ ಒಂದು ಸಾಲು. ಆ ಸಾಲಿನ ಸ್ವರೂಪವನ್ನೂ ಚರಿತ್ರೆಯನ್ನೂ, ಅದನ್ನು ಸರಿಯಾಗಿ ಬರೆಯುವ ಕ್ರಮವನ್ನೂ ಸಂಕ್ಷೇಪವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಸರ್ವರು ಮತ್ತು ಅದರ ವ್ಯವಸ್ಥಾಕಡತ

ಪುಟಗಳನ್ನು ತನ್ನ ವಶದಲ್ಲಿ ಇಟ್ಟುಕೊಂಡು, ಓದುಗನ ಬ್ರೌಸರು ಕೇಳಿದಾಗ ಅವನ್ನು ಕಳುಹಿಸಿಕೊಡುವ ತಂತ್ರಾಂಶಕ್ಕೆ ಸರ್ವರು ಎಂದು ಹೆಸರು. ಈ ಬಗೆಯ ಮೊದಲನೆಯ ತಂತ್ರಾಂಶವನ್ನು ಜಿನೀವದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೯೦ರಲ್ಲಿ ರಚಿಸಿದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್.ಸಿ.ಎಸ್.ಎ. ಕೇಂದ್ರದಲ್ಲಿ ರಾಬ್ ಮೆಕೂಲ್ ಅವರು ರಚಿಸಿದ ಇನ್ನೊಂದು ಸರ್ವರನ್ನು ತಿದ್ದಿ ಬೆಳೆಸುತ್ತ ಬಂದ ಗುಂಪೊಂದು ೧೯೯೫ರಲ್ಲಿ ಅಪಾಚೆ ಎಂಬ ಸರ್ವರನ್ನು ಹೊರತಂದಿತು. ರಷ್ಯದ ಇಗೋರ್ ಸಿಸೊಯೆವ್ ಅವರ ಎಂಜಿನ್-ಎಕ್ಸ್ ೨೦೦೪ರಲ್ಲಿ ಹೊರಬಂದಿತು. ಇಂದು ಬಹುವಾಗಿ ಬಳಕೆಯಲ್ಲಿರುವ ಸರ್ವರುಗಳಲ್ಲಿ ಇವೆರಡೂ ಸೇರಿವೆ. ನಾವು ಮುಖ್ಯವಾಗಿ ಅಪಾಚೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ಅಪಾಚೆಯ ನಡವಳಿಕೆಯೆಲ್ಲ ಸಾಧಾರಣ ಅಕ್ಷರಗಳಲ್ಲಿ ಬರೆದಿಟ್ಟ ಒಂದು ಕಡತಕ್ಕೆ ಅಧೀನವಾಗಿದೆ. ಅದರ ಪ್ರತಿಯೊಂದು ಸಾಲೂ ಒಂದು ಆದೇಶ: ಮೊದಲು ಆದೇಶದ ಹೆಸರು, ಅನಂತರ ಅದರ ಬೆಲೆ. ಪುಟಗಳು ಯಾವ ಕೋಶದಲ್ಲಿವೆ, ಯಾವ ದ್ವಾರದಲ್ಲಿ ಕೋರಿಕೆಗಳನ್ನು ಆಲಿಸಬೇಕು, ಯಾರಿಗೆ ಪ್ರವೇಶವುಂಟು, ಯಾರಿಗಿಲ್ಲ ಎಂಬುದೆಲ್ಲ ಅಲ್ಲಿಯೇ ನಿರ್ಣಯವಾಗುತ್ತದೆ. ಸರ್ವರು ಈ ಕಡತವನ್ನು ತಾನು ಪ್ರಾರಂಭವಾಗುವಾಗ ಓದಿಕೊಳ್ಳುತ್ತದೆ. ಆದ್ದರಿಂದ ಬಳಿಕ ಮಾಡಿದ ತಿದ್ದುಪಡಿ ಮರುಪ್ರಾರಂಭವಾಗುವ ತನಕ ಜಾರಿಗೆ ಬಾರದು. ಯಾವುದಾದರೊಂದು ಆದೇಶವನ್ನು ಬರೆಯದೆ ಬಿಟ್ಟರೆ ತಂತ್ರಾಂಶವನ್ನು ರಚಿಸಿದವರು ಮೊದಲೇ ಗೊತ್ತುಮಾಡಿದ ಬೆಲೆ ಅನ್ವಯಿಸುತ್ತದೆ. ಬರೆಯದೆ ಬಿಟ್ಟದ್ದೂ ಒಂದು ನಿರ್ಣಯವೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಡತದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು.

೨. ಹೆಡರಿನ ಮಾತು, ಪುಟದ ಮಾತು

ಸರ್ವರು ಒಂದು ಪುಟವನ್ನು ಕಳುಹಿಸುವಾಗ ಅದರ ಮುಂದೆ ಹೆಡರು ಎಂಬ ಕೆಲವು ಸಾಲುಗಳನ್ನು ಕಳುಹಿಸುತ್ತದೆ. ಓದುಗನ ಕಣ್ಣಿಗೆ ಅವು ಬೀಳುವುದಿಲ್ಲ. ಬ್ರೌಸರು ಮಾತ್ರ ಓದಿಕೊಳ್ಳುತ್ತದೆ. ಅವುಗಳಲ್ಲಿ ಕಂಟೆಂಟ್-ಟೈಪ್ ಎಂಬ ಸಾಲು ಬರುತ್ತಿರುವ ವಸ್ತು ಯಾವ ಜಾತಿಯದು ಎಂಬುದನ್ನೂ, ಬೇಕಾದರೆ ಅದರ ಲಿಪಿಸಂಕೇತ ಯಾವುದು ಎಂಬುದನ್ನೂ ಹೇಳುತ್ತದೆ. ಪುಟವನ್ನು ಸಿದ್ಧಪಡಿಸಿದವರು ಪುಟದ ಒಳಗೆ, ಅದರ ಮೊದಲ ೧೦೨೪ ಬೈಟುಗಳೊಳಗೆ, ಮೀಟಾ ಎಂಬ ಗುರುತಿನಿಂದ ಇದೇ ವಿಷಯವನ್ನು ಹೇಳಬಹುದು.

ಇವೆರಡು ಮಾತುಗಳೂ ಭಿನ್ನವಾದರೆ ಗತಿಯೇನು? ಹಸ್ತಪ್ರತಿ ಭಂಡಾರದಲ್ಲಿ ಒಂದು ಓಲೆಯ ಕಟ್ಟಿಗೆ ತಿಗಳಾರಿ ಲಿಪಿ ಎಂಬ ಚೀಟಿ ಇದ್ದು, ಒಳಗಿನ ಗರಿಗಳು ಕನ್ನಡ ಲಿಪಿಯಲ್ಲಿದ್ದರೆ ವಿದ್ವಾಂಸನು ಗರಿಯನ್ನು ನಂಬಿ ಚೀಟಿಯನ್ನು ಹರಿದುಹಾಕುತ್ತಾನೆ. ಬ್ರೌಸರು ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಹೆಡರಿನಲ್ಲಿ ಲಿಪಿಸಂಕೇತ ಉಕ್ತವಾಗಿದ್ದರೆ ಪುಟದೊಳಗಿನ ಮೀಟಾ ಮಾತಿಗೆ ಬೆಲೆಯಿಲ್ಲ. ಇಂದಿನ ನಿಯಮಗಳ ಪ್ರಕಾರ ಹೆಡರನ್ನೂ ಮೀರುವ ಗುರುತೊಂದುಂಟು: ಕಡತದ ತೀರ ಮೊದಲಲ್ಲಿ ೨೩೯, ೧೮೭, ೧೯೧ ಎಂಬ ಮೂರು ಬೈಟುಗಳಿದ್ದರೆ ಬ್ರೌಸರು ಅದನ್ನು ಯು.ಟಿ.ಎಫ್-೮ ಎಂದೇ ತಿಳಿಯುತ್ತದೆ. ಈ ಗುರುತೂ ಇಲ್ಲದೆ, ಹೆಡರೂ ಮೀಟಾ ಮಾತೂ ಮೌನವಾಗಿದ್ದರೆ ಬ್ರೌಸರು ಊಹೆಯ ಮೇಲೆ ನಡೆಯುತ್ತದೆ.

೩. ಅಕ್ಷರದ ಪ್ರಯಾಣ

ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ೩೨೦೦ರಿಂದ ೩೩೨೭ರ ವರೆಗಿನ ೧೨೮ ಸ್ಥಾನಗಳು ನಮ್ಮ ಲಿಪಿಗೆ ಮೀಸಲು. ‘ಕ’ ಅಕ್ಷರದ ಸಂಖ್ಯೆ ೩೨೨೧. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯು.ಟಿ.ಎಫ್-೮ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರು ೧೯೯೨ರಲ್ಲಿ ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದು ಸಂಜ್ಞೆಗೆ ಮೂರು ಬೇಕು. ‘ಕ’ ಎಂಬುದು ೨೨೪, ೧೭೮, ೧೪೯ ಎಂದು ಹೋಗುತ್ತದೆ. ‘ಕನ್ನಡ’ ಎಂಬ ಮಾತಿನಲ್ಲಿ ಕ, ನ, ವ್ಯಂಜನದ ಅಕಾರವನ್ನು ಕಳೆಯುವ ವಿರಾಮಚಿಹ್ನೆ, ನ, ಡ ಎಂದು ಐದು ಸಂಜ್ಞೆಗಳಿರುವುದರಿಂದ ಒಟ್ಟು ಹದಿನೈದು ಬೈಟುಗಳಾಗುತ್ತವೆ. ಕನ್ನಡದ ಯಾವ ಸಂಜ್ಞೆಯನ್ನೇ ತೆಗೆದುಕೊಂಡರೂ ಮೊದಲನೆಯ ಬೈಟು ೨೨೪. ಎರಡನೆಯದು ೧೭೮ ಅಥವಾ ೧೭೯.

ಈಗ ಸರ್ವರಿನ ಹೆಡರು ಈ ಪುಟವನ್ನು ಐ.ಎಸ್.ಒ. ೮೮೫೯-೧ ಎಂದು ಸಾರಿತೆನ್ನೋಣ. ಇದು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಏರ್ಪಟ್ಟ ಪಟ್ಟಿ. ಇಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ೨೨೪ ಎಂದರೆ ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ ‘ಎ’. ೧೭೮ ಎಂದರೆ ಮೇಲಕ್ಕೆತ್ತಿ ಬರೆದ ಸಣ್ಣ ಎರಡು. ೧೭೯ ಎಂದರೆ ಹಾಗೆಯೇ ಬರೆದ ಮೂರು. ಇಂಥ ಜೋಡಿಗಳು ಸಾಲುಸಾಲಾಗಿ ಕಂಡರೆ ಒಳಗಿರುವುದು ಶುದ್ಧವಾದ ಕನ್ನಡ, ಕೆಟ್ಟಿರುವುದು ಚೀಟಿ ಮಾತ್ರ ಎಂದು ಧಾರಾಳವಾಗಿ ನಿಶ್ಚಯಿಸಬಹುದು. ೧೨೮ಕ್ಕೆ ಕೆಳಗಿನ ಬೈಟುಗಳು ಎರಡು ಪಟ್ಟಿಗಳಲ್ಲಿಯೂ ಒಂದೇ ಆದಕಾರಣ ಅದೇ ಪುಟದ ಇಂಗ್ಲಿಷ್ ಭಾಗಕ್ಕೆ ಏನೂ ಆಗುವುದಿಲ್ಲ. ಇಂಗ್ಲಿಷ್ ಪುಟವನ್ನು ಮಾತ್ರ ನೋಡಿ ಪರೀಕ್ಷಿಸುವ ನಿರ್ವಾಹಕನಿಗೆ ದೋಷ ಕಾಣದಿರುವುದು ಇದರಿಂದಲೇ.

೪. ಮರಳಿ ಬಾರದ ಅಕ್ಷರಗಳು

ಇಷ್ಟರಲ್ಲಿಯೇ ಮುಗಿದಿದ್ದರೆ ಇದು ಸಣ್ಣ ತೊಂದರೆ. ಆದರೆ ಕೆಟ್ಟು ಕಾಣುತ್ತಿರುವ ಪುಟವನ್ನೇ ಪ್ರತಿಮಾಡಿ ಹೊಸ ಕಡತವಾಗಿ ಉಳಿಸಿದರೆ ದೋಷವು ಚೀಟಿಯಿಂದ ಗರಿಗೆ ಇಳಿಯುತ್ತದೆ. ಐ.ಎಸ್.ಒ. ೮೮೫೯-೧ ಎಂಬ ಹೆಸರನ್ನು ಕಂಡ ಬ್ರೌಸರು ವಾಸ್ತವವಾಗಿ ವಿಂಡೋಸ್-೧೨೫೨ ಎಂಬ ಸಮೀಪದ ಪಟ್ಟಿಯನ್ನು ಬಳಸುತ್ತದೆ. ಆ ಪಟ್ಟಿಯಲ್ಲಿ ೧೨೯, ೧೪೧, ೧೪೩, ೧೪೪, ೧೫೭ ಎಂಬ ಐದು ಸ್ಥಾನಗಳು ಖಾಲಿ. ಕೆಲವು ತಂತ್ರಾಂಶಗಳು ಇವನ್ನು ಕಣ್ಣಿಗೆ ಕಾಣದ ಸಂಜ್ಞೆಗಳಾಗಿ ಉಳಿಸಿಕೊಳ್ಳುತ್ತವೆ. ಕೆಲವು ಕೈಬಿಡುತ್ತವೆ, ಇಲ್ಲವೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತವೆ.

ಹೀಗೆ ಕೈಬಿಟ್ಟುಹೋಗುವ ಕನ್ನಡ ಸಂಜ್ಞೆಗಳು ಯಾವುವು ಎಂದು ಲೆಕ್ಕಹಾಕಿದರೆ ಗಂಭೀರವಾದ ಸಂಗತಿಯೊಂದು ಹೊರಬೀಳುತ್ತದೆ. ಉಕಾರದ ಕೊಂಬು ೨೨೪, ೧೭೯, ೧೨೯. ವಿರಾಮಚಿಹ್ನೆ ೨೨೪, ೧೭೯, ೧೪೧. ಎರಡರಲ್ಲಿಯೂ ಮೊದಲ ಎರಡು ಬೈಟುಗಳು ಸಮಾನ, ಕಳೆದುಹೋಗುವುದು ಮೂರನೆಯದು. ಏ, ಐ, ಝ ಅಕ್ಷರಗಳಿಗೂ ಇದೇ ಗತಿ. ಉಳಿದ ಅಕ್ಷರಗಳನ್ನು ಹಿಮ್ಮುಖ ಪರಿವರ್ತನೆಯಿಂದ ಪಡೆಯಬಹುದಾದರೂ ಕಳೆದುಹೋದ ಎಡೆಯಲ್ಲಿ ಇದ್ದುದು ವಿರಾಮವೋ ಉಕಾರವೋ ಎಂದು ಬೈಟುಗಳಿಂದ ಹೇಳಲು ಬರುವುದಿಲ್ಲ. ‘ಕನ್ನಡ’ ಎಂಬಲ್ಲಿ ಓದುಗನು ಊಹಿಸಿಕೊಂಡಾನು. ‘ನೀರ್’ ಎಂದಿತ್ತೋ ‘ನೀರು’ ಎಂದಿತ್ತೋ, ‘ಊರ್’ ಎಂದಿತ್ತೋ ‘ಊರು’ ಎಂದಿತ್ತೋ, ‘ಬರಲ್’ ಎಂದಿತ್ತೋ ‘ಬರಲು’ ಎಂದಿತ್ತೋ ಎಂಬಲ್ಲಿ ಊಹೆಗೆ ಆಧಾರವೇ ಇಲ್ಲ. ಹಳಗನ್ನಡದ ವ್ಯಂಜನಾಂತ ರೂಪಗಳು ಮುಂದೆ ಉಕಾರಾಂತವಾದುದು ನಮ್ಮ ಭಾಷೆಯ ಚರಿತ್ರೆಯ ಪ್ರಮುಖ ಘಟ್ಟಗಳಲ್ಲಿ ಒಂದು; ಪಾಠದ ಪ್ರಾಚೀನತೆಯನ್ನು ನಿರ್ಣಯಿಸುವಾಗ ಈ ರೂಪಗಳೂ ಸಾಕ್ಷ್ಯವಾಗುತ್ತವೆ. ಸರ್ವರಿನ ಒಂದು ತಪ್ಪು ಸಾಲು ಆ ಸಾಕ್ಷ್ಯವನ್ನೇ ಅಳಿಸುವ ಸರಣಿಗೆ ಮೊದಲಾಗಬಲ್ಲುದು.

೫. ಈ ಸಾಲು ಬಂದ ಬಗೆ

ಇದನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಚ್.ಟಿ.ಟಿ.ಪಿ. ನಿಯಮಾವಳಿಯ ೧೯೯೯ರ ಪಾಠದಲ್ಲಿ, ಲಿಪಿಸಂಕೇತವನ್ನು ಹೇಳದೆ ಕಳುಹಿಸಿದ ಲೇಖನವಸ್ತುವನ್ನು ಐ.ಎಸ್.ಒ. ೮೮೫೯-೧ ಎಂದೇ ತಿಳಿಯಬೇಕೆಂಬ ವಿಧಿಯಿತ್ತು. ೨೦೧೪ರ ಪರಿಷ್ಕರಣದಲ್ಲಿ ಅದನ್ನು ಕೈಬಿಡಲಾಯಿತು. ಇನ್ನೊಂದು ಕಾರಣ ರಕ್ಷಣೆಗೆ ಸಂಬಂಧಿಸಿದ್ದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸರ್ಟ್ ಕೇಂದ್ರವು ೨೦೦೦ದ ಫೆಬ್ರವರಿಯಲ್ಲಿ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ದುಷ್ಟರು ಬೇರೆಯವರ ಪುಟದೊಳಕ್ಕೆ ತಮ್ಮ ಆಜ್ಞೆಗಳನ್ನು ತೂರಿಸಬಲ್ಲರು. ಲಿಪಿಸಂಕೇತ ಉಕ್ತವಾಗದಿದ್ದರೆ ಬ್ರೌಸರಿನ ಊಹೆಯನ್ನು ಅವರು ದುರುಪಯೋಗಪಡಿಸಿಕೊಳ್ಳುತ್ತಾರೆ. ಆದ್ದರಿಂದ ಅದನ್ನು ಸ್ಪಷ್ಟವಾಗಿ ಸಾರಬೇಕು ಎಂಬುದು ಅದರ ಸಲಹೆಗಳಲ್ಲಿ ಒಂದು. ಅದೇ ತಿಂಗಳು ಬಂದ ಅಪಾಚೆಯ ೧.೩.೧೨ನೆಯ ಆವೃತ್ತಿಯಲ್ಲಿ ಆಡ್‌ಡಿಫಾಲ್ಟ್‌ಚಾರ್‌ಸೆಟ್ ಎಂಬ ಆದೇಶ ಸೇರಿತು.

ಆದೇಶ ಒಳ್ಳೆಯದೇ. ಆದರೆ ೨.೦ ಶ್ರೇಣಿಯ ಕೆಲವು ಆವೃತ್ತಿಗಳೊಡನೆ ಮಾದರಿಯಾಗಿ ಬಂದ ವ್ಯವಸ್ಥಾಕಡತದಲ್ಲಿ ಅದರ ಬೆಲೆ ಐ.ಎಸ್.ಒ. ೮೮೫೯-೧ ಎಂದಿತ್ತು. ಮಾದರಿಯನ್ನು ತಿದ್ದದೆ ಬಳಸಿದ ಕಡೆಯಲ್ಲೆಲ್ಲ ಯು.ಟಿ.ಎಫ್-೮ರಲ್ಲಿ ಬರೆದ ಪುಟಗಳು ಕೆಟ್ಟು ಕಂಡವು. ಮುಂದೆ ಮಾದರಿಯಿಂದ ಆ ಸಾಲನ್ನು ತೆಗೆದುಹಾಕಿದರು. ಆದರೂ ಹಳೆಯ ಕಡತವನ್ನೇ ಹೊಸ ಯಂತ್ರಕ್ಕೆ ಪ್ರತಿಮಾಡಿಕೊಂಡವರಲ್ಲಿ ಅದು ಉಳಿದುಬರುವುದು ಸಹಜ.

೬. ಸರಿಪಡಿಸುವ ಕ್ರಮ

ಎಲ್ಲ ಪುಟಗಳೂ ಯು.ಟಿ.ಎಫ್-೮ರಲ್ಲಿದ್ದರೆ ಆಡ್‌ಡಿಫಾಲ್ಟ್‌ಚಾರ್‌ಸೆಟ್ ಆದೇಶದ ಬೆಲೆಯನ್ನು ಯು.ಟಿ.ಎಫ್-೮ ಎಂದು ಬರೆದರಾಯಿತು. ಈ ಆದೇಶ ಎಚ್.ಟಿ.ಎಂ.ಎಲ್. ಪುಟಗಳಿಗೂ ಸಾದಾ ಪಠ್ಯಕ್ಕೂ ಮಾತ್ರ ಸಲ್ಲುತ್ತದೆ. ಇತರ ಜಾತಿಯ ಕಡತಗಳಿಗೆ ಹೆಸರಿನ ಕೊನೆಯ ಭಾಗವನ್ನು ನೋಡಿ ಸಂಕೇತವನ್ನು ಕೊಡುವ ಆಡ್‌ಚಾರ್‌ಸೆಟ್ ಎಂಬ ಬೇರೆ ಆದೇಶವಿದೆ. ಎಂಜಿನ್-ಎಕ್ಸ್‌ನಲ್ಲಿ ಇದೇ ಕೆಲಸಕ್ಕೆ ಚಾರ್‌ಸೆಟ್ ಎಂಬ ಆದೇಶವುಂಟು. ಬರೆಯದಿದ್ದರೆ ಅದು ಹೆಡರಿಗೆ ಯಾವ ಸಂಕೇತವನ್ನೂ ಸೇರಿಸುವುದಿಲ್ಲ.

ಕನ್ನಡ ತಾಣಗಳಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬರಹ, ನುಡಿ ಮೊದಲಾದ ತಂತ್ರಾಂಶಗಳ ಅಚ್ಚುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂಡಿಸುತ್ತಿದ್ದರು. ಅಂಥ ಕಡತದಲ್ಲಿ ‘ಕ’ ಎಂಬುದು ೮೦, ೧೯೨ ಎಂಬ ಎರಡು ಬೈಟುಗಳು. ಯು.ಟಿ.ಎಫ್-೮ರಲ್ಲಿ ೧೯೨ ಎಂಬ ಬೈಟು ಎಲ್ಲಿಯೂ ಸಲ್ಲದು. ಇಡೀ ಸರ್ವರಿಗೆ ಒಂದೇ ಆದೇಶ ಕೊಟ್ಟರೆ ಹೊಸ ಪುಟಗಳು ತಿಳಿಯಾಗಿ, ಹಳೆಯ ಪುಟಗಳು ಹಾಳಾಗಿ ಕಾಣುತ್ತವೆ. ಆದ್ದರಿಂದ ಹಳೆಯವನ್ನು ಬೇರೆ ಕೋಶದಲ್ಲಿ ಇರಿಸಿ, ಆ ಕೋಶದ ಮಟ್ಟಿಗೆ ಡೈರೆಕ್ಟರಿ ವಿಭಾಗದಲ್ಲಿ ಐ.ಎಸ್.ಒ. ೮೮೫೯-೧ ಎಂದು ಬರೆಯಬೇಕು. ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಮಾತ್ರ ಹೊಸ ಕೋಶಕ್ಕೆ ಸೇರಿಸಬೇಕು.

ಮುಖ್ಯ ಕಡತಕ್ಕೆ ಕೈಹಾಕುವ ಅಧಿಕಾರವಿಲ್ಲದವರು ಆಯಾ ಕೋಶದಲ್ಲಿಯೇ ಎಚ್‌ಟಿ‌ಆಕ್ಸೆಸ್ ಎಂಬ ಉಪಕಡತವನ್ನು ಇಡಬಹುದು. ೨೦೧೨ರಲ್ಲಿ ಬಂದ ೨.೪ ಶ್ರೇಣಿಯಿಂದ ಇದಕ್ಕೆ ತಾನಾಗಿ ಅನುಮತಿಯಿರುವುದಿಲ್ಲ. ನಿರ್ವಾಹಕನು ಅಲೌ‌ಓವರ್‌ರೈಡ್ ಎಂಬ ಆದೇಶದಿಂದ ಕೊಡಬೇಕು. ಅಪಾಚೆಯು ಡೈರೆಕ್ಟರಿ ವಿಭಾಗ ಮತ್ತು ಉಪಕಡತ, ಅನಂತರ ಫೈಲ್ಸ್ ವಿಭಾಗ, ಅನಂತರ ಲೊಕೇಶನ್ ವಿಭಾಗ ಎಂಬ ಕ್ರಮದಲ್ಲಿ ಆದೇಶಗಳನ್ನು ಕೂಡಿಸಿಕೊಳ್ಳುತ್ತದೆ. ಪರಸ್ಪರ ವಿರೋಧ ಬಂದಲ್ಲಿ ಹಿಂದಿನದನ್ನು ಮುಂದಿನದು ಬಾಧಿಸುತ್ತದೆ.

ತಿದ್ದಿದ ಬಳಿಕ ಅಪಾಚೆಯ ಕಾನ್ಫಿಗ್‌ಟೆಸ್ಟ್ ಆಜ್ಞೆಯಿಂದ ಕಡತವನ್ನು ಪರೀಕ್ಷಿಸಿ, ಆಮೇಲೆ ಸರ್ವರನ್ನು ಮರುಪ್ರಾರಂಭಿಸತಕ್ಕದ್ದು. ಈ ಪರೀಕ್ಷೆ ಕಡತದ ವ್ಯಾಕರಣವನ್ನಷ್ಟೆ ನೋಡುತ್ತದೆ. ವ್ಯಾಕರಣಶುದ್ಧವಾದ ವಾಕ್ಯವೆಲ್ಲ ಸತ್ಯವಾಕ್ಯವಲ್ಲ. ಆದುದರಿಂದ ಕೊನೆಯ ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಕರ್ಲ್ ಎಂಬ ಸಣ್ಣ ಉಪಕರಣ ಹೆಡರನ್ನು ಮಾತ್ರ ತರಿಸಿ ತೋರಿಸುತ್ತದೆ. ಹೊಸ ಕೋಶದ ಒಂದು ಪುಟ, ಹಳೆಯ ಕೋಶದ ಒಂದು ಪುಟ, ಒಂದು ಸಾದಾ ಪಠ್ಯ, ಈ ಮೂರರ ಕಂಟೆಂಟ್-ಟೈಪ್ ಸಾಲನ್ನು ಓದಿ ನೋಡಿದರೆ ಸಂದೇಹ ಉಳಿಯುವುದಿಲ್ಲ.

ಮೇಲಿನ ವಿವೇಚನೆಯಿಂದ ನಮಗೆ ವಿದಿತವಾಗುವುದಿಷ್ಟು. ಸರ್ವರಿನ ವ್ಯವಸ್ಥಾಕಡತವನ್ನು ಯಂತ್ರಶಾಲೆಯವರ ಪಾಲಿಗೆ ಬಿಟ್ಟು ವಿದ್ವಾಂಸರು ದೂರ ನಿಲ್ಲುವಂತಿಲ್ಲ. ಪುಟದಲ್ಲಿ ಯಾವ ಸಂಕೇತವಿದೆ ಎಂಬುದು ಸಂಪಾದಕನಿಗೆ ಗೊತ್ತು. ಹೆಡರಿನಲ್ಲಿ ಏನು ಬರೆಯಬೇಕೆಂಬುದು ನಿರ್ವಾಹಕನ ಕೈಯಲ್ಲಿದೆ. ಪ್ರತಿಯೊಂದು ಪ್ರಕಟಣೆಯ ಜೊತೆಗೂ ಅದರ ಲಿಪಿಸಂಕೇತವನ್ನು ಬರಹದಲ್ಲಿ ನಿರ್ವಾಹಕನಿಗೆ ತಿಳಿಸುವ ಪದ್ಧತಿಯನ್ನು ವಿಭಾಗಗಳು ಇಟ್ಟುಕೊಳ್ಳುವುದು ಒಳ್ಳೆಯದು. ಕರಡು ತಿದ್ದುವ ಕೆಲಸದ ಕೊನೆಯ ಹಂತವಾಗಿ ಇದನ್ನು ಎಣಿಸಿದರೆ ‘ನೀರ್’ ‘ನೀರ್’ ಆಗಿಯೇ ಓದುಗನನ್ನು ಸೇರುತ್ತದೆ.