ಸಂಬಂಧಿತ ಬರಹಗಳನ್ನು ಯಂತ್ರ ಹೇಗೆ ಹುಡುಕುತ್ತದೆ?

ಬ್ಲಾಗಿನಲ್ಲಿ ಒಂದು ಬರಹ ಓದಿ ಮುಗಿಸಿದರೆ ಕೆಳಗೆ ‘ಇವನ್ನೂ ಓದಿ’ ಎಂದು ನಾಲ್ಕೈದು ಕೊಂಡಿಗಳು ಕಾಣುತ್ತವೆ. ಕೆಲವು ಅದೇ ಬ್ಲಾಗಿನವು, ಕೆಲವು ಬೇರೆಯವರ ತಾಣದವು. ಬರೆದವರು ಆ ತಾಣಗಳನ್ನು ನೋಡಿಯೇ ಇರಲಿಕ್ಕಿಲ್ಲ. ಬ್ಲಾಗಿಗೆ ಸೇರಿಸಿದ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ ಅವನ್ನು ತಾನಾಗಿ ಹುಡುಕಿ ತಂದಿರುತ್ತದೆ.

ಮೊದಮೊದಲು ಇದು ಬ್ಲಾಗಿಗರೇ ಮಾಡುತ್ತಿದ್ದ ಕೆಲಸ. 2002ರಲ್ಲಿ ಮೂವಬಲ್ ಟೈಪ್ ತಂತ್ರಾಂಶದ ಜೊತೆ ಟ್ರ್ಯಾಕ್‌ಬ್ಯಾಕ್ ಬಂತು. ನಿಮ್ಮ ಬರಹದ ಬಗ್ಗೆ ಯಾರಾದರೂ ತಮ್ಮ ಬ್ಲಾಗಿನಲ್ಲಿ ಬರೆದರೆ ನಿಮಗೆ ಸುದ್ದಿ ಮುಟ್ಟುತ್ತಿತ್ತು, ನಿಮ್ಮ ಬರಹದ ಕೆಳಗೆ ಅವರ ಕೊಂಡಿ ಮೂಡುತ್ತಿತ್ತು. ಚೆಂದದ ಏರ್ಪಾಡು. ಆದರೆ ಜಾಹೀರಾತಿನ ಕಸ ಸುರಿಯುವವರು ಅಲ್ಲಿಂದಲೇ ನುಗ್ಗಿದರು. ಬಹಳಷ್ಟು ಜನ ಅದನ್ನು ನಿಲ್ಲಿಸಿಬಿಟ್ಟರು.

ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ 2007ರಲ್ಲಿ ಹುಟ್ಟಿದ ಜೆಮಾಂಟಾ ಬೇರೆ ದಾರಿ ಹಿಡಿಯಿತು. ನೀವು ಬರೆಯುತ್ತಿರುವಾಗಲೇ ಆ ಪಠ್ಯವನ್ನು ತನ್ನ ಸರ್ವರ್‌ಗೆ ಕಳಿಸಿಕೊಂಡು, ಹೊಂದುವ ಚಿತ್ರ, ಕೊಂಡಿ, ಬರಹಗಳನ್ನು ಪಕ್ಕದಲ್ಲಿ ತೋರಿಸುತ್ತಿತ್ತು. ನೀವು ಆರಿಸಿದ್ದು ಮಾತ್ರ ಬರಹಕ್ಕೆ ಸೇರುತ್ತಿತ್ತು. 2008ರಲ್ಲಿ ವರ್ಡ್‌ಪ್ರೆಸ್.ಕಾಮ್ ತಂದ ಸೌಲಭ್ಯ ಹಾಗಲ್ಲ: ಬರೆದವರನ್ನು ಕೇಳದೆಯೇ ಬೇರೆ ಬ್ಲಾಗು, ಸುದ್ದಿತಾಣಗಳ ಕೊಂಡಿಗಳನ್ನು ಬರಹದ ಬುಡಕ್ಕೆ ಹಾಕುತ್ತಿತ್ತು, ಬೇಡವೆನ್ನುವವರು ಸೆಟ್ಟಿಂಗ್‌ಗೆ ಹೋಗಿ ನಿಲ್ಲಿಸಿಕೊಳ್ಳಬೇಕಿತ್ತು. ನನ್ನ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಏಕೆಂಬುದು ಯಂತ್ರದ ಲೆಕ್ಕ ನೋಡಿದರೆ ತಿಳಿಯುತ್ತದೆ.

ಕೇಂಬ್ರಿಜ್‌ನ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು: ಎಲ್ಲ ಬರಹಗಳಲ್ಲೂ ಸಿಗುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ತೂಕ ಹೆಚ್ಚು. ಸಾವಿರ ಬರಹಗಳಿವೆ ಎನ್ನಿ. ‘ಮತ್ತು’ ಸಾವಿರದಲ್ಲೂ ಇದ್ದರೆ ಅದರ ತೂಕ ಸೊನ್ನೆ. ‘ಮನೆ’ 500ರಲ್ಲಿದ್ದರೆ, ಸಾವಿರವನ್ನು 500ರಿಂದ ಭಾಗಿಸಿ ಲಾಗರಿದಮ್ ತೆಗೆದಾಗ ಸುಮಾರು 0.3. ‘ಹಲಸು’ ಬರೀ 10ರಲ್ಲಿದ್ದರೆ 2. ನಿಮ್ಮ ಬರಹದಲ್ಲಿ ‘ಹಲಸು’ ಐದು ಸಲ ಬಂದಿದ್ದರೆ ಅದರ ಅಂಕ ಹತ್ತು. ‘ಮನೆ’ ಐದು ಸಲ ಬಂದರೂ ಒಂದೂವರೆ. ಹೀಗೆ ಪ್ರತಿ ಬರಹಕ್ಕೂ ಅಂಕಗಳ ಪಟ್ಟಿ ತಯಾರಾಗುತ್ತದೆ. ಪಟ್ಟಿಗಳನ್ನು ಹೋಲಿಸಿ, ಹೆಚ್ಚು ತಾಳೆಯಾದವನ್ನು ‘ಸಂಬಂಧಿತ’ ಎಂದು ತೋರಿಸುತ್ತಾರೆ. ಬೇರೆ ಬೇರೆ ಪ್ಲಗಿನ್‌ಗಳು ಇದಕ್ಕೆ ಶೀರ್ಷಿಕೆ, ಟ್ಯಾಗು, ವಿಭಾಗಗಳ ಅಂಕವನ್ನೂ ಕೂಡಿಸಿಕೊಳ್ಳುತ್ತವೆ.

ಕನ್ನಡದಲ್ಲಿ ಈ ಲೆಕ್ಕ ಬೇಗ ಎಡವುತ್ತದೆ. ಹಲಸು, ಹಲಸಿನ, ಹಲಸಿಗೆ, ಹಲಸಿನಲ್ಲಿ, ಹಲಸಿನಹಣ್ಣು: ನಮಗೆ ಇದೆಲ್ಲ ಒಂದೇ ಮರದ ಮಾತು, ಬರೀ ಅಕ್ಷರ ಹೋಲಿಸುವ ಯಂತ್ರಕ್ಕೆ ಐದು ಬೇರೆ ಪದಗಳು. ಐದರ ಅಂಕವೂ ಚದುರಿಹೋಗುತ್ತದೆ. ವಿಭಕ್ತಿ ಪ್ರತ್ಯಯ ಕಳಚಿ ಮೂಲ ಪದ ಹಿಡಿಯುವ ತಂತ್ರಾಂಶವನ್ನು ಜೊತೆಗೆ ಕೊಡದಿದ್ದರೆ, ಕನ್ನಡ ಬ್ಲಾಗಿನಲ್ಲಿ ಹಲಸಿನ ತಳಿಗಳ ಬಗ್ಗೆ ಎರಡು ಒಳ್ಳೆಯ ಬರಹಗಳಿದ್ದೂ ಒಂದಕ್ಕೊಂದು ಪರಿಚಯವಾಗದೆ ಉಳಿಯಬಹುದು. ಈಚಿನ ಭಾಷಾ ಮಾದರಿಗಳು ಪದದ ರೂಪಕ್ಕಿಂತ ಅರ್ಥದ ಹತ್ತಿರ ಹೋಗುತ್ತವೆ, ಇಂಥ ಜೋಡಿಗಳನ್ನು ಹೆಚ್ಚು ಚೆನ್ನಾಗಿ ಗುರುತಿಸುತ್ತವೆ. ಕನ್ನಡಕ್ಕೆ ಇದು ನಿಜಕ್ಕೂ ಒಳ್ಳೆಯ ಸುದ್ದಿ.

ಆದರೆ ವಿಷಯ ಸರಿಯಾಗಿ ಹಿಡಿದ ಮಾತ್ರಕ್ಕೆ ಕೊಂಡಿ ಸರಿಯಾಗುವುದಿಲ್ಲ. ಕ್ಯಾನ್ಸರಿನಿಂದ ತೀರಿಕೊಂಡ ತಾಯಿಯ ಬಗ್ಗೆ ಮಗಳು ಬರೆದಿದ್ದಾಳೆ ಎನ್ನೋಣ. ಗೆಡ್ಡೆ, ಕೀಮೋ, ಆಸ್ಪತ್ರೆ, ನೋವು ಎಂಬ ಪದಗಳೇ ಅಲ್ಲಿ ತೂಕದವು. ಮೂರು ವಾರದಲ್ಲಿ ಕ್ಯಾನ್ಸರ್ ಕರಗಿಸುವ ಪುಡಿ ಮಾರುವವರ ಪುಟದಲ್ಲೂ ಇವೇ ಪದಗಳು. ಅಂಕದ ಪ್ರಕಾರ ಎರಡೂ ನೆಂಟರು. ಆ ಪುಡಿಯ ಕೊಂಡಿ ಮಗಳ ಹೆಸರಿನ ಕೆಳಗೆ ಕುಳಿತರೆ, ಅದನ್ನು ಅವಳೇ ಹೇಳಿದಳೆಂದು ಓದುಗ ನಂಬುತ್ತಾನೆ. ಅಲ್ಲಿ ಇನ್ನೊಂದು ಮನೆಯ ದುಡ್ಡೂ, ಚಿಕಿತ್ಸೆಯ ಸಮಯವೂ ಹೋಗಬಹುದು.

ಆದ್ದರಿಂದ ಪ್ಲಗಿನ್ ಹಾಕಿಕೊಳ್ಳುವಾಗ ಎರಡು ಸಂಗತಿ ನೋಡಿಕೊಳ್ಳಬೇಕು. ಅದು ಕೊಂಡಿಯನ್ನು ಬರೀ ಸೂಚಿಸುತ್ತದೆಯೋ, ನೇರವಾಗಿ ಪ್ರಕಟಿಸುತ್ತದೆಯೋ? ನಿಮ್ಮ ಕರಡು ಬರಹ ಬೇರೆಯವರ ಸರ್ವರ್‌ಗೆ ಹೋಗುತ್ತದೆಯೋ? ಸೂಚಿಸುವುದಾದರೆ, ಪ್ರತಿ ಕೊಂಡಿಯನ್ನೂ ತೆರೆದು ಓದಿ, ಆಮೇಲೆ ಒಪ್ಪಿಗೆ ಕೊಡಿ. ಹೊರಗಿನ ಕೊಂಡಿಗಳನ್ನು ಕೇಳದೆ ಪ್ರಕಟಿಸುವುದಾದರೆ, ಆ ಭಾಗವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ, ಜಾಗವನ್ನು ನಿಮ್ಮದೇ ಬ್ಲಾಗಿನ ಹಳೆಯ ಬರಹಗಳಿಗೆ ಮಾತ್ರ ಬಿಡಿ.